ಸಲ್ಲುವ ಸಂಖ್ಯೆ, ಸಲ್ಲದ ಸಂಖ್ಯೆ

ನೃಪತುಂಗನ ಕಾಲವೆಂದೊಡನೆ ಕನ್ನಡ ಅಧ್ಯಾಪಕನಾದ ನನಗೆ ನೆನಪಾಗುವುದು ‘ಕವಿರಾಜಮಾರ್ಗ’. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಎಲ್ಲೆ ಹೇಳಿದ ಗ್ರಂಥ. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ದೊರೆಯನ್ನು ಕೊಂಡಾಡುತ್ತ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಆತನೂ ಒಂದು ಎಲ್ಲೆ ಹಾಕಿದ್ದಾನೆ. ಅದು ನಾಡಿಗಲ್ಲ, ಸಂಖ್ಯೆಗಳಿಗೆ.

ಲೆಕ್ಕದ ಸೂತ್ರಕ್ಕೆ ಯಾವ ಸಂಖ್ಯೆ ಕೊಟ್ಟರೂ ಉತ್ತರ ಬರಬೇಕೆಂದಿಲ್ಲ. ಯಾವ ಯಾವ ಸಂಖ್ಯೆಗಳಿಗೆ ಅದು ಸಲ್ಲುವುದೋ ಅವುಗಳ ಸಮೂಹವನ್ನು ಈಗಿನ ಗಣಿತಜ್ಞರು ‘ಡೊಮೈನ್’ ಎನ್ನುತ್ತಾರೆ. ಒಂಬತ್ತರ ವರ್ಗಮೂಲ ಮೂರು; ಋಣ ಒಂಬತ್ತರದು ಏನು? ಧನವನ್ನು ಧನದಿಂದ ಗುಣಿಸಿದರೂ, ಋಣವನ್ನು ಋಣದಿಂದ ಗುಣಿಸಿದರೂ ಬರುವುದು ಧನವೇ. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ ಆಚಾರ್ಯ. ಉತ್ತರ ಸಿಗಲಿಲ್ಲವೆಂದು ಕೈಚೆಲ್ಲಿದ ಮಾತಲ್ಲ ಇದು. ಪ್ರಶ್ನೆಯೇ ಅಲ್ಲಿ ಸಲ್ಲದೆಂಬ ತೀರ್ಮಾನ. ಸಾವಿರ ವರ್ಷಕ್ಕೂ ಹಿಂದಿನ ಈ ಎಚ್ಚರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಂಥವನು ಸೊನ್ನೆಯ ಮುಂದೆ ಮಾತ್ರ ನಿಲ್ಲಲಿಲ್ಲ! ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆಂದು ಬರೆದ. ಹಂಚಿಕೆಯ ಕಲ್ಪನೆಯೇ ಆತನಿಗೆ ಹೀಗೆ ಹೇಳಿಸಿರಬೇಕೆಂದು ನನ್ನ ಊಹೆ. ಹನ್ನೆರಡು ಮಾವಿನಹಣ್ಣಿವೆ, ಪಾಲು ಕೇಳುವವರು ಯಾರೂ ಇಲ್ಲ. ಹಣ್ಣು ಬುಟ್ಟಿಯಲ್ಲೇ ಉಳಿಯುವುದಷ್ಟೆ? ಬುಟ್ಟಿಯ ಮಟ್ಟಿಗೆ ಸರಿ. ಆದರೆ ಭಾಗಿಸಿ ಬಂದುದನ್ನು ತಿರುಗಿ ಗುಣಿಸಿದರೆ ಮೊದಲಿನ ಸಂಖ್ಯೆ ದೊರೆಯಬೇಕು. 12ನ್ನು 0ಯಿಂದ ಭಾಗಿಸಿ 12 ಬಂದಿದ್ದರೆ, 12ನ್ನು 0ಯಿಂದ ಗುಣಿಸಿದಾಗಲೂ 12 ಬರಬೇಕಾಯಿತು. ಸೊನ್ನೆಯಿಂದ ಗುಣಿಸಿದ್ದೆಲ್ಲ ಸೊನ್ನೆಯೆಂದು ಅಲ್ಲೇ ಹೇಳಿದವನೂ ಈತನೇ.

ಸೊನ್ನೆಯೆದುರು ಎಡವಿದವನು ಇವನೊಬ್ಬನೇ ಅಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದು ಬ್ರಹ್ಮಗುಪ್ತ 628ರಲ್ಲಿ ಹೇಳಿದ್ದ. 1150ರ ಸುಮಾರಿಗೆ ಭಾಸ್ಕರಾಚಾರ್ಯ ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ‘ಖಹರ’ವೆಂದು ಕರೆದ, ಎಷ್ಟು ಕೂಡಿದರೂ ಕಳೆದರೂ ಬದಲಾಗದ ಅನಂತವದು, ಅಚ್ಯುತನಂತೆ. ಉಪಮೆ ರಮ್ಯವಾಗಿದೆ. ಆದರೆ 12ರಿಂದ ಬಂದ ಅನಂತ ಯಾವುದು, 5ರಿಂದ ಬಂದದ್ದು ಯಾವುದು ಎಂದು ಕೇಳಿದರೆ ಉಪಮೆ ಮಾತಾಡದು.

ಮುಂದಿನ ಕಥೆ ಇನ್ನೂ ಸೋಜಿಗದ್ದು. ಇಟಲಿಯ ಬೊಂಬೆಲ್ಲಿ 1572ರಲ್ಲಿ ಅಚ್ಚಾದ ತನ್ನ ಬೀಜಗಣಿತದಲ್ಲಿ ಋಣದ ವರ್ಗಮೂಲಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಕೊಟ್ಟ. ಸಂಖ್ಯೆಗಳ ನಾಡನ್ನೇ ಹಿಗ್ಗಿಸಿದರೆ ಅವಕ್ಕೂ ಅಲ್ಲಿ ಜಾಗವಿತ್ತು. ಹೀಗೆ ನಮ್ಮ ಆಚಾರ್ಯ ಕಟ್ಟಿದ ಬೇಲಿಗೆ ಬಾಗಿಲು ಬಂತು. ಆತ ಬೇಲಿಯನ್ನೇ ಹಾಕದ ಕಡೆ ಮಾತ್ರ ಇಂದಿಗೂ ಪ್ರವೇಶವಿಲ್ಲ. ಕ್ಯಾಲ್ಕುಲೇಟರಿನಲ್ಲಿ 12ನ್ನು 0ಯಿಂದ ಭಾಗಿಸಿ ನೋಡಿ, ಉತ್ತರದ ಬದಲು ‘ಎರರ್’ ಎಂದು ಬರುತ್ತದೆ.