ಬಾಗಲಕೋಟೆಯ ಓಣಿಗಳೂ ಬೇಸಿಗೆಯ ಹಬ್ಬಗಳೂ

ರಾಜರ ಕಾಳಗಗಳೂ ದಾನಶಾಸನಗಳೂ ದೇವಾಲಯಗಳ ಶಿಲ್ಪವೂ ಒಂದು ನಾಡಿನ ಇತಿಹಾಸದ ಮುಖ್ಯ ಅಂಗಗಳೆಂಬದರಲ್ಲಿ ಸಂದೇಹವಿಲ್ಲ. ಆದರೆ ಅವಷ್ಟರಿಂದಲೇ ಇತಿಹಾಸವು ಪೂರ್ತಿಯಾಗದು. ಆ ರಾಜರ ಆಳಿಕೆಯಲ್ಲಿ ಬಾಳಿದ ಜನರು ವರ್ಷದ ಯಾವ ಕಾಲದಲ್ಲಿ ಒಟ್ಟುಗೂಡಿದರು, ಯಾವ ನೆವದಿಂದ ನಕ್ಕರು, ಊರಿನ ಕೆಲಸವನ್ನು ತಮ್ಮೊಳಗೆ ಹೇಗೆ ಹಂಚಿಕೊಂಡರು ಎಂಬದೂ ಇತಿಹಾಸವೇ ಸರಿ. ಬಾದಾಮಿಯ ಗುಹೆಗಳನ್ನೂ ಐಹೊಳೆಯ ಗುಡಿಗಳನ್ನೂ ನೋಡಲೆಂದು ದೂರದಿಂದ ಬರುವ ವಿದ್ವಾಂಸರು ಬಾಗಲಕೋಟೆಯನ್ನು ಹಾದು ಮುಂದೆ ಹೋಗುವರು. ಕಲ್ಲಿನಲ್ಲಿ ಕೆತ್ತದೆ, ಓಲೆಯಲ್ಲಿ ಬರೆಯದೆ, ಕೇವಲ ವಾಡಿಕೆಯ ಬಲದಿಂದ ಉಳಿದು ಬಂದ ಒಂದು ಪುರಾತನ ಸಂಪತ್ತು ಆ ಊರಿನ ಓಣಿಗಳಲ್ಲಿಯೂ ಇರುವದು. ಅದು ಅಲ್ಲಿಯ ಬೇಸಿಗೆಯ ಹಬ್ಬಗಳು.

ಈ ಸೀಮೆಯಲ್ಲಿ ಬೇಸಿಗೆಯೆಂದರೆ ಹೋಳಿ ಹುಣ್ಣಿವೆಯಿಂದ ಕಾರಹುಣ್ಣಿವೆಯ ವರೆಗಿನ ಕಾಲವು. ಎರೆಯ ಭೂಮಿಯಲ್ಲಿ ಬೆಳೆದ ಬಿಳಿಜೋಳ, ಕಡಲೆ, ಗೋದಿ, ಕುಸುಬೆಗಳೆಂಬ ಹಿಂಗಾರಿಯ ಬೆಳೆಗಳು ಫಾಲ್ಗುಣ ಮಾಸದ ಹೊತ್ತಿಗೆ ಕಣಕ್ಕೆ ಬಂದು ರಾಶಿಯಾಗುವವು. ಮುಂದೆ ಮೃಗಶಿರಾ ಮಳೆಯು ಬೀಳುವ ತನಕ ಒಕ್ಕಲಿಗನಿಗೆ ಹೊಲದ ಕೆಲಸವು ಕಡಿಮೆ. ಮನೆಯಲ್ಲಿ ಕಾಳು ಇರುವದು, ಕೈಯಲ್ಲಿ ಬಿಡುವು ಇರುವದು, ಹಗಲಿನ ಬಿಸಿಲು ಮಾತ್ರ ಹೊರಗೆ ಬರಗೊಡದು. ಆದುದರಿಂದಲೇ ಮದುವೆ, ಜಾತ್ರೆ, ಬಯಲಾಟಗಳೆಲ್ಲ ಈ ಮೂರು ತಿಂಗಳುಗಳೊಳಗೆ ಒತ್ತಾಗಿ ಸೇರಿಕೊಂಡಿರುತ್ತವೆ. ಮದುವೆಯ ಕಾಲವೆಂದರೆ ಇಳಕಲ್ಲಿನ ಮಗ್ಗಗಳಿಗೆ ಗಿರಾಕಿಯ ಕಾಲ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಅಲ್ಲಿಯ ನೇಕಾರರ ಚಾತುರ್ಯವು, ಟೋಪ ತೆನೆಯ ಕೆಂಪು ಸೆರಗಿನ ರೂಪದಲ್ಲಿ, ಈ ನಾಡಿನ ಮದುವಣಗಿತ್ತಿಯರೆಲ್ಲರ ಮೈಮೇಲೆ ಕಂಡುಬರುತ್ತಿದ್ದಿತು.

ಹೆಂಗಸರಿಗೆ ಮಾತ್ರ ಬೇಸಿಗೆಯು ಬಿಡುವಿನ ಕಾಲವಾಗಿರಲಿಲ್ಲ. ವರ್ಷಕ್ಕೆ ಸಾಲುವಷ್ಟು ಶಾವಿಗೆ, ಹಪ್ಪಳ, ಸಂಡಿಗೆ, ಕುರುಡಿಗೆಗಳನ್ನು ಮಳೆ ಬರುವ ಮೊದಲೇ ಮಾಡಿ ಒಣಗಿಸಿಡಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲವಾದ್ದರಿಂದ ನೆರೆಹೊರೆಯ ಹೆಂಗಸರು ಮುಯ್ಯಾಳಿನ ಪದ್ಧತಿಯಿಂದ ಇಂದು ಒಬ್ಬರ ಮನೆ, ನಾಳೆ ಮತ್ತೊಬ್ಬರ ಮನೆ ಎಂದು ಸೇರುವರು. ಮುದುಕಿಯರು ಹಿಟ್ಟಿನ ಹದವನ್ನು ನೋಡುವರು, ಗಟ್ಟಿಮುಟ್ಟಾದವರು ಮಣೆಯ ಮೇಲೆ ಶಾವಿಗೆ ಹೊಸೆಯುವರು, ಮಕ್ಕಳು ಮಾಳಿಗೆಯ ಮೇಲೆ ಕೋಲು ಹಿಡಿದು ಕಾಗೆ ಕಾಯುವರು. ಇಂದಿನ ಸಭೆಗಳಲ್ಲಿ ಸಹಕಾರತತ್ತ್ವವೆಂದು ಯಾವದನ್ನು ಉಪದೇಶಿಸುವರೋ ಅದನ್ನು ಈ ಅಂಗಳಗಳು ಹೆಸರಿಡದೆಯೇ ಆಚರಿಸುತ್ತ ಬಂದಿದ್ದವು. ಓಣಿಯೆಂಬದು ಮನೆಗಳ ಸಾಲು ಮಾತ್ರವಲ್ಲ, ಪರಸ್ಪರ ಋಣದ ಒಂದು ಬಳಗವೆಂಬದು ಇದರಿಂದ ತಿಳಿಯುವದು.

ವಸಂತಕಾಲದಲ್ಲಿ ಪಟ್ಟಣಿಗರು ಬಣ್ಣವನ್ನು ಎರಚಿ ಆಡುವ ಪದ್ಧತಿಯು ಭರತಖಂಡದಲ್ಲಿ ಬಹು ಹಳೆಯದು. 7ನೆಯ ಶತಮಾನದ ಹರ್ಷವರ್ಧನನದೆಂದು ಪ್ರಸಿದ್ಧವಾದ ‘ರತ್ನಾವಳಿ’ ನಾಟಕದ ಮೊದಲಂಕದಲ್ಲಿಯೇ ಕೌಶಾಂಬಿಯ ನಾಗರಿಕರು ಮದನಮಹೋತ್ಸವದಲ್ಲಿ ಪರಿಮಳದ ಪುಡಿಯನ್ನು ತೂರಿ, ಕೊಂಬಿನ ಆಕಾರದ ಪಿಚಕಾರಿಗಳಿಂದ ನೀರು ಹಾರಿಸಿ ಆಡುವ ವರ್ಣನೆಯುಂಟು. ಇದೇ ಹರ್ಷನನ್ನು ನರ್ಮದೆಯ ದಂಡೆಯಲ್ಲಿ ತಡೆದು ನಿಲ್ಲಿಸಿದವನು ಬಾದಾಮಿಯ ಇಮ್ಮಡಿ ಪುಲಕೇಶಿ. ಆ ವಿಜಯವನ್ನು ಕವಿ ರವಿಕೀರ್ತಿಯು ಕ್ರಿ. ಶ. 634ರಲ್ಲಿ ಐಹೊಳೆಯ ಮೇಗುತಿಯ ಗುಡಿಯ ಶಾಸನದಲ್ಲಿ ಹಾಡಿರುವನು. ರಾಜರು ಯುದ್ಧದಲ್ಲಿ ಎದುರಾಳಿಗಳಾದರೂ ನರ್ಮದೆಯ ಎರಡೂ ಕಡೆಯ ಪ್ರಜೆಗಳ ವಸಂತೋತ್ಸವವು ಮುಂದಿನ ಶತಮಾನಗಳಲ್ಲಿಯೂ ನಿಲ್ಲಲಿಲ್ಲ. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ ಇಟಲಿಯ ಪ್ರವಾಸಿಯಾದ ನಿಕೊಲೊ ಕೊಂಟಿಯು, ಮೂರು ದಿನಗಳ ಒಂದು ಹಬ್ಬದಲ್ಲಿ ದಾರಿಯ ಬದಿಗೆ ಕೇಸರಿಯ ನೀರನ್ನಿಟ್ಟು ಹೋಗುಬರುವವರ ಮೇಲೆ ಎರಚುತ್ತಿದ್ದರೆಂದೂ ಅರಸ ಅರಸಿಯರಿಗೂ ಅದರಿಂದ ಬಿಡುಗಡೆಯಿರಲಿಲ್ಲವೆಂದೂ ತಿಳಿಸಿರುವನು.

ಬಾಗಲಕೋಟೆಯ ಹೋಳಿಯನ್ನು ಈ ಪರಂಪರೆಯೊಳಗೆ ಇಟ್ಟು ನೋಡತಕ್ಕದ್ದು. ಘಟಪ್ರಭೆಯ ದಂಡೆಯ ಮೇಲಿನ ಈ ಊರಿನ ಹಳೆಯ ಹೆಸರು ಬಾಗಡಗೆ. ಲಂಕೆಯ ರಾವಣನು ಇದನ್ನು ತನ್ನ ಬಾಜಂತ್ರಿಯವರಿಗೆ ಉಂಬಳಿಯಾಗಿ ಕೊಟ್ಟನೆಂದು ಸ್ಥಳಪುರಾಣವು ಹೇಳುವದು. ಪುರಾಣವನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೆ ಒಂದು ಊರು ತನ್ನ ಹುಟ್ಟನ್ನು ರಾಜನ ಖಡ್ಗಕ್ಕಲ್ಲದೆ ವಾದ್ಯಗಾರರ ಕಲೆಗೆ ಜೋಡಿಸಿಕೊಂಡಿತೆಂಬದು ಗಮನಾರ್ಹವಾಗಿದೆ. ವಿಜಯನಗರದವರು, ವಿಜಾಪುರದ ಸುಲ್ತಾನರು, ಸವಣೂರ ನವಾಬರು, ಪೇಶವೆಯರು, ಹೈದರಾಲಿ, ತಿರುಗಿ ಪೇಶವೆಯರ ಪರವಾಗಿ ರಾಸ್ತೆ ಮನೆತನದವರು ಹೀಗೆ ಒಬ್ಬರಾದ ಮೇಲೊಬ್ಬರು ಈ ಊರನ್ನು ಆಳಿದರು. 1818ರಲ್ಲಿ ಮನ್ರೋ ಸಾಹೇಬನು ಇದನ್ನು ಇಂಗ್ಲಿಷರ ವಶಕ್ಕೆ ತೆಗೆದುಕೊಂಡನು. 1876ರಿಂದ 1878ರ ವರೆಗಿನ ಭಯಂಕರವಾದ ಬರವು ಆಗಿನ ಕಲಾದಗಿ ಜಿಲ್ಲೆಯನ್ನು ಅರ್ಧಜೀವ ಮಾಡಿತು. ಒಡೆಯರು ಬದಲಾದರೂ, ಬರ ಬಂದು ಹೋದರೂ, ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಓಣಿಗಳ ಹೆಸರುಗಳೂ ಅವುಗಳ ಹಬ್ಬದ ಹಕ್ಕುಗಳೂ ಉಳಿದುಕೊಂಡವು.

ಮಹಾಶಿವರಾತ್ರಿಯು ಕಳೆಯಿತೆಂದರೆ ಊರಿನಲ್ಲಿ ಹಲಗೆಯ ಸಪ್ಪಳವು ಕೇಳತೊಡಗುವದು. ಹುಡುಗರು ಕುಳ್ಳು ಕಟ್ಟಿಗೆಗಳನ್ನು ಬೇಡಿಯೂ ಕದ್ದೂ ಕೂಡಿಹಾಕುವರು. ಈ ಕಳವಿಗೆ ಯಾವ ಮನೆಯ ಯಜಮಾನನೂ ದೂರು ಕೊಡನು. ಹುಣ್ಣಿವೆಗೆ ಕಾಮದಹನವಾಗುವದು. ಕಾಮನ ಬೆಂಕಿಯನ್ನು ಮನೆಗೆ ಒಯ್ದು ಅದರಲ್ಲಿ ಹೊಸ ಕಡಲೆಯನ್ನು ಹುರಿದು ತಿನ್ನುವದು ಈ ಸೀಮೆಯ ಪದ್ಧತಿ. ಮನೆಮನೆಯಲ್ಲಿ ಹೋಳಿಗೆಯ ಅಡಿಗೆ; ಬಂದ ಬೀಗರು ಅಳಿಯಂದಿರು ಬಣ್ಣ ಬೀಳದೆ ಊರಿಗೆ ಮರಳುವಂತಿಲ್ಲ. ಮುಂದಿನ ದಿನಗಳಲ್ಲಿ ಓಣಿಗಳ ಸರದಿಯು. ಇಂದು ಇಂಥ ಓಣಿಯವರು ಬಣ್ಣದ ಬಂಡಿಗಳನ್ನು ಕಟ್ಟಿಕೊಂಡು ಇಂಥ ಓಣಿಗೆ ಹೋಗತಕ್ಕದ್ದು, ನಾಳೆ ಅವರು ಇವರಲ್ಲಿಗೆ ಬರತಕ್ಕದ್ದು ಎಂಬ ಕಟ್ಟಳೆಯುಂಟು. ಬಂಡಿಯ ಮೇಲೆ ಬಣ್ಣದ ನೀರಿನ ಪೀಪಾಯಿಗಳು. ಎರಡು ಬಂಡಿಗಳು ಎದುರಾದ ಕೂಡಲೆ ಎರಡೂ ಕಡೆಯಿಂದ ಬಣ್ಣದ ಸುರಿಮಳೆಯಾಗುವದು. ಈಗ ಎತ್ತಿನ ಬಂಡಿಗಳ ಸ್ಥಳದಲ್ಲಿ ಟ್ರ್ಯಾಕ್ಟರುಗಳು ಹೆಚ್ಚಾಗಿವೆ. ಹಿಂದಿನ ಕಾಲದಲ್ಲಿ, ಇದೇ ಹೊತ್ತಿಗೆ ಕಾಡಿನಲ್ಲಿ ಅರಳುವ ಮುತ್ತಲದ ಹೂವನ್ನು ಕುದಿಸಿ ಕೇಸರಿ ಬಣ್ಣವನ್ನು ತೆಗೆಯುತ್ತಿದ್ದರು. ರಾತ್ರಿಯಲ್ಲಿ ಪುರಾಣದ ಪುರುಷರ, ವೀರರ, ವಿಚಿತ್ರ ವೇಷಗಳ ಸೋಗಿನ ಬಂಡಿಗಳು ಹೊರಡುವವು. ನಿಶಾನೆಯನ್ನು ಮುಂದಿಟ್ಟುಕೊಂಡು ತುರಾಯಿ ಹಲಗೆಯ ಮೇಳಗಳು ಬೀದಿಯಲ್ಲಿ ನಡೆಯುವವು. ಕಲಕತ್ತೆಯನ್ನು ಬಿಟ್ಟರೆ ಇಂಥ ಹೋಳಿಯು ಬಾಗಲಕೋಟೆಯಲ್ಲಿಯೇ ಎಂದು ಊರವರು ಅಭಿಮಾನದಿಂದ ಹೇಳುವದುಂಟು.

ಈ ಆಟದ ಹಿಂದಿನ ವ್ಯವಸ್ಥೆಯನ್ನು ವಿಚಾರಿಸಿ ನೋಡತಕ್ಕದ್ದು. ಓಣಿ ಓಣಿಗಳ ನಡುವೆ ಸ್ಪರ್ಧೆಯಿಲ್ಲದಿರುವ ಊರು ಯಾವದೂ ಇಲ್ಲ. ಆ ಸ್ಪರ್ಧೆಗೆ ದಾರಿಯನ್ನೇ ಕೊಡದಿದ್ದರೆ ಅದು ಜಗಳವಾಗಿ ಸಿಡಿಯುವದು. ಸರದಿಯ ಕಟ್ಟಳೆಯು ಸ್ಪರ್ಧೆಗೆ ದಿನವನ್ನೂ ದಾರಿಯನ್ನೂ ಗೊತ್ತುಮಾಡಿ, ಹೊಡೆದಾಟದ ಬದಲು ಬಣ್ಣವನ್ನು ಕೈಗೆ ಕೊಟ್ಟಿತು. ಹಿಂದು ಮುಸಲ್ಮಾನರೆಂಬ ಭೇದವಿಲ್ಲದೆ ಓಣಿಯ ಎಲ್ಲರೂ ತಮ್ಮ ಓಣಿಯ ಬಂಡಿಯ ಕಡೆಯವರಾಗುವರು. ಕಾಮದಹನಕ್ಕೆ ಮೊದಲ ಕಿಚ್ಚನ್ನು ದಲಿತರ ಮನೆಯಿಂದ ತರುವ ವಾಡಿಕೆಯು ಇಲ್ಲಿಯ ಹೋಳಿಯ ಒಂದು ವೈಶಿಷ್ಟ್ಯ.

ಆದರೂ ಹಳೆಯದೆಲ್ಲವೂ ಹೊಗಳತಕ್ಕದ್ದೆಂದು ತಿಳಿಯಬಾರದು. ಯಾರ ಮನೆಯ ಕಿಚ್ಚು ಹಬ್ಬಕ್ಕೆ ಬೇಕಾಗಿದ್ದಿತೋ, ಯಾರು ತೊಗಲನ್ನು ಹದಮಾಡಿ ಹಲಗೆಯನ್ನು ಬಿಗಿದುಕೊಟ್ಟರೋ ಅವರಿಗೆ ವರ್ಷದ ಉಳಿದ ದಿನಗಳಲ್ಲಿ ಅದೇ ಓಣಿಯ ಬಾವಿಯೂ ಗುಡಿಯೂ ದೂರವಾಗಿದ್ದವು. ಒಂದು ದಿನದ ಮರ್ಯಾದೆಯು ಮುನ್ನೂರು ದಿನದ ಅವಮಾನವನ್ನು ತೊಳೆಯಲಾರದು. ಅದರಂತೆ ಕಾಮನ ಹುಣ್ಣಿವೆಯ ಅಶ್ಲೀಲ ಪದಗಳ ಮೂಲಕ ಹೆಂಗಸರು ಆ ದಿನಗಳಲ್ಲಿ ಬಾಗಿಲು ಮುಚ್ಚಿಕೊಂಡು ಒಳಗೆ ಇರಬೇಕಾಗುತ್ತಿದ್ದಿತು. ಹಬ್ಬದ ಅಡಿಗೆಯು ಅವರ ಪಾಲಿಗೆ, ಹಬ್ಬದ ಬೀದಿಯು ಗಂಡಸರ ಪಾಲಿಗೆ. ಈಗ ಹೆಣ್ಣುಮಕ್ಕಳೂ ಬಣ್ಣವಾಡಲು ಹೊರಗೆ ಬರುತ್ತಿರುವದು ಹಬ್ಬಕ್ಕೆ ಬಂದ ಕುಂದಲ್ಲ, ಅದರ ಬೆಳವಣಿಗೆಯೇ ಆಗಿದೆ.

ಈ ಹಬ್ಬಕ್ಕೂ ಆಧುನಿಕ ಕಾಲದ ಸಾರ್ವಜನಿಕ ಉತ್ಸವಗಳಿಗೂ ಒಂದು ಅಂತರವುಂಟು. 1893ರಲ್ಲಿ ಲೋಕಮಾನ್ಯ ತಿಲಕರು ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಒತ್ತಾಸೆಯಾಗಿ ನಿಂತರು. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲು ಮಾಡಿದರು. ಮುಂದೆ ಅವರು ಇದೇ ಸೀಮೆಯ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಕಟ್ಟಿ 1947ರಲ್ಲಿ ತೀರಿಕೊಳ್ಳುವ ವರೆಗೆ ದುಡಿದರು. ವೈಶಾಖ ಶುದ್ಧ ತದಿಗೆಯ ಆ ಜಯಂತಿಯು, ಬಸವಣ್ಣನವರು ಐಕ್ಯರಾದ ಕೂಡಲಸಂಗಮವುಳ್ಳ ಹುನಗುಂದದ ಸೀಮೆಯಲ್ಲಿ ಇಂದು ಬೇಸಿಗೆಯ ದೊಡ್ಡ ಹಬ್ಬವಾಗಿದೆ. ಇಂಥ ಉತ್ಸವಗಳಿಗೆ ಪ್ರವರ್ತಕರುಂಟು, ಇಸವಿಯುಂಟು, ಉದ್ದೇಶವುಂಟು. ಓಣಿಯ ಹೋಳಿಗೆ ಇವಾವವೂ ಇಲ್ಲ. ಅದನ್ನು ಹುಟ್ಟಿಸಿದವರು ಯಾರೂ ಇಲ್ಲದ ಕಾರಣ ಅದನ್ನು ಕಾಪಾಡುವ ಹೊಣೆಯು ಓಣಿಗೇ ಸೇರಿದ್ದು. ಓಣಿಯೇ ಇಲ್ಲದೆ ಹೋದರೆ ಹಬ್ಬವನ್ನು ಯಾರು ಹೊರುವರೆಂಬ ಪ್ರಶ್ನೆಯು ಬಾಗಲಕೋಟೆಗೆ ಬಂದೊದಗಿತು.

1964ನೆಯ ಇಸವಿಯ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಬೇಕಾದ ಆಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಕೆಲಸವು ದಶಕಗಳ ವರೆಗೆ ಸಾಗಿತು. 2000ದ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು 519.60 ಮೀಟರುಗಳ ಮಟ್ಟಕ್ಕೆ ನೀರನ್ನು ನಿಲ್ಲಿಸಲು ಒಪ್ಪಿಗೆಯನ್ನು ಕೊಟ್ಟಿತು. ಬರಗಾಲದ ನೆನಪು ಮಾಸದ ಈ ನಾಡಿಗೆ ನೀರು ಬೇಕೇ ಇದ್ದಿತು. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳನ್ನು ತೆಗೆದುಕೊಂಡಿತು. ನಿರಾಶ್ರಿತರಿಗಾಗಿ ನವನಗರವು ಎದ್ದಿತು. ಅದರ ಯೋಜನೆಯಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಅವರ ಕೈಯಿದ್ದಿತು. ಅಗಲವಾದ ಬೀದಿಗಳು, ಗಾಳಿ ಬೆಳಕಿನ ನಿವೇಶನಗಳು, ಗಟಾರು, ಉದ್ಯಾನ ಎಲ್ಲವೂ ಅಲ್ಲಿ ಒದಗಿದವು. ಓಣಿಗಳ ಸ್ಥಳದಲ್ಲಿ ಸೆಕ್ಟರುಗಳು ಬಂದವು. ಹೆಸರುಗಳ ಸ್ಥಳದಲ್ಲಿ ಅಂಕೆಗಳು ಬಂದವು. ಪರಿಹಾರದ ಲೆಕ್ಕದಲ್ಲಿ ಗೋಡೆಗೆ ಬೆಲೆಯಿದ್ದಿತು, ಮಾಳಿಗೆಗೆ ಬೆಲೆಯಿದ್ದಿತು, ಗಿಡಕ್ಕೂ ಬೆಲೆಯಿದ್ದಿತು. ಶಾವಿಗೆಯ ಮುಯ್ಯಾಳಿಗೆ, ಕಟ್ಟೆಯ ಪಂಚಾಯತಿಗೆ, ಹಲಗೆಯ ಸರದಿಗೆ ಯಾವ ದರವೂ ಇರಲಿಲ್ಲ. ಒಂದೇ ಓಣಿಯವರು ಬೇರೆ ಬೇರೆ ಸೆಕ್ಟರುಗಳಲ್ಲಿ ಚದರಿದರು. ಹಪ್ಪಳವು ಅಂಗಡಿಯಲ್ಲಿ ಕೊಳ್ಳುವ ಪದಾರ್ಥವಾಯಿತು.

ಹೀಗಾದ ಮೇಲೆ ಹಬ್ಬವು ತಾನಾಗಿ ನಿಂತು ಹೋಗುವದೆಂದು ಎಣಿಸುವದು ಸಹಜವಾಗಿದ್ದಿತು. ಹಾಗೆ ಆಗಲಿಲ್ಲ. ಫಾಲ್ಗುಣದಲ್ಲಿ ನವನಗರದವರೂ ವಿದ್ಯಾಗಿರಿಯವರೂ ಹಳೆಯ ಊರಿಗೆ ಇಳಿದು ಬಂದು ತಮ್ಮ ತಮ್ಮ ಓಣಿಯ ಹಲಗೆಯನ್ನು ಕೂಡಿಕೊಳ್ಳುವರು. ಮನೆಯು ಮುಳುಗಿದವನಿಗೂ ತಾನು ಯಾವ ಓಣಿಯವನೆಂಬದು ಆ ದಿನಗಳಲ್ಲಿ ನೆನಪಾಗುವದು. ಹಿಂದೆ ಓಣಿಯು ಹಬ್ಬವನ್ನು ಕಾಪಾಡಿತು. ಈಗ ಹಬ್ಬವೇ ಓಣಿಯನ್ನು ಕಾಪಾಡುತ್ತಿರುವದು.

ಆದರೆ ಇದರ ಮೇಲೆ ಬಹಳ ಭರವಸೆಯಿಡುವಂತಿಲ್ಲ. ಹಳೆಯ ಓಣಿಯ ಕಲ್ಲುಹಾಸಿನ ಮೇಲೆ ಆಡಿ ಬೆಳೆದವರು ಇಂದು ನಡುವಯಸ್ಸನ್ನು ದಾಟಿದ್ದಾರೆ. ಸೆಕ್ಟರಿನಲ್ಲಿ ಹುಟ್ಟಿದ ಮಕ್ಕಳಿಗೆ ಓಣಿಯೆಂಬದು ತಂದೆಯು ಹೇಳಿದ ಹೆಸರು ಮಾತ್ರ. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯಲ್ಲಿ 524.256 ಮೀಟರುಗಳ ವರೆಗೆ ನೀರು ನಿಲ್ಲಿಸಬಹುದೆಂದು ತೀರ್ಪಿತ್ತಿದೆ. ಆ ಮಟ್ಟಕ್ಕೆ ನೀರು ಬಂದರೆ ಈಗ ಉಳಿದ ಹಳೆಯ ಊರಿನ ಇನ್ನಷ್ಟು ಭಾಗವು ಹೋಗುವದು; ಬಂಡಿಗಳು ಎದುರಾಗುವ ಬೀದಿಗಳೂ ಅದರೊಳಗೆ ಸೇರಬಹುದು.

ಆದುದರಿಂದ ಈ ವಿಷಯದಲ್ಲಿ ವಿದ್ಯಾವಂತರ ಮನೆತನಗಳ ಕರ್ತವ್ಯವು ಸ್ಪಷ್ಟವಾಗಿದೆ. ಯಾವ ಓಣಿಗೆ ಯಾವ ದಿನದ ಸರದಿ, ಬಂಡಿಯ ದಾರಿ ಯಾವದು, ನಿಶಾನೆಯ ಹಕ್ಕು ಯಾರದು, ಹಲಗೆಯ ಪೆಟ್ಟುಗಳ ಹೆಸರುಗಳೇನು, ಕಿಚ್ಚನ್ನು ಕೊಟ್ಟ ಮನೆಯವರು ಆ ವಾಡಿಕೆಯನ್ನು ಕುರಿತು ಏನು ಹೇಳುವರು, ಬೇಸಿಗೆಯ ಅಂಗಳದಲ್ಲಿ ಹೆಂಗಸರು ಯಾವ ಹಾಡುಗಳನ್ನು ಹಾಡುತ್ತ ಶಾವಿಗೆ ಹೊಸೆದರು, ಇವೆಲ್ಲವನ್ನೂ ಬಲ್ಲವರ ಬಾಯಿಂದ ಕೇಳಿ ಬರೆದಿಡುವದು ಅವಶ್ಯವಾಗಿದೆ. ನವನಗರದ ಸೆಕ್ಟರುಗಳಿಗೆ ಅಂಕೆಗಳ ಜತೆಗೆ ಮುಳುಗಿದ ಓಣಿಗಳ ಹೆಸರುಗಳನ್ನೂ ಇಡುವದಕ್ಕೆ ದುಡ್ಡಿನ ವೆಚ್ಚವೇನೂ ಇಲ್ಲ. ಹತ್ತು ಮನೆಗಳವರು ಕೂಡಿ ಬೇಸಿಗೆಯಲ್ಲಿ ಒಂದು ದಿನ ಒಂದು ಅಂಗಳದಲ್ಲಿ ಹಪ್ಪಳ ಮಾಡುವದಕ್ಕೆ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ಜ್ಯೇಷ್ಠ ಮಾಸದ ಕಾರಹುಣ್ಣಿವೆಯಲ್ಲಿ ಎತ್ತುಗಳ ಕೊಂಬಿಗೆ ಬಣ್ಣವನ್ನು ಬಳಿದು ಕರಿ ಹರಿದು, ಗೆದ್ದ ಎತ್ತಿನ ಬಣ್ಣವನ್ನು ನೋಡಿ ಮುಂದಿನ ಬೆಳೆಯ ಶಕುನವನ್ನು ಎಣಿಸುವದು ಈ ಸೀಮೆಯ ಒಕ್ಕಲಿಗರ ರೂಢಿ. ಅಲ್ಲಿಗೆ ಬೇಸಿಗೆಯು ಮುಗಿದು ಬಿತ್ತನೆಯ ಕೆಲಸಕ್ಕೆ ಎಲ್ಲರೂ ಹೊರಡುವರು. ಆ ಕೆಲಸವನ್ನು ಕೂಡಿ ಮಾಡುವ ಬಲವು ಅವರಿಗೆ ಬಂದದ್ದು ಹಿಂದಿನ ಮೂರು ತಿಂಗಳುಗಳ ಕೂಟದಿಂದ.