ಆಸಿಡ್ ಬಾಟ್ಲಿ ಮತ್ತು ನೀರಿನ ಬೋರ್ಡು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ರಿಲೀಸು, ಬಗ್ಗು, ಮತ್ತೆ ರಿಲೀಸು... ಇದರ ನಡುವೆ ಓದಿದ್ದು ಒಂದಿಷ್ಟು ತಲೆಯಲ್ಲಿ ಕೊರೆಯುತ್ತಾ ಕೂತಿತ್ತು. ಇವತ್ತು ಇಳಿಸಿಬಿಡೋಣ ಅಂತ ಕೂತಿದ್ದೇನೆ. ವಿಷಯ ಸ್ವಲ್ಪ ಒಣ ಅನ್ನಿಸಬಹುದು. ಶಾಲೆ ಕಾಲೇಜುಗಳ ಸೈನ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವರು, ಅವರ ಸಂಘದ ಹಕ್ಕು, ಅವರ ಕೈಮೇಲೆ ಬೀಳುವ ಆಸಿಡ್ಡು. ಆದರೆ ಈ ಕತೆಯಲ್ಲಿ ದಿಲ್ಲಿಯ ಬಸ್ ಡ್ರೈವರ್ ಬರುತ್ತಾರೆ, ಬೆಂಗಳೂರಿನ ನೀರಿನ ಬೋರ್ಡು ಬರುತ್ತದೆ, ಭೋಪಾಲ ಬರುತ್ತದೆ. ಸ್ವಲ್ಪ ತಾಳ್ಮೆ ಇರಲಿ.

ನನ್ನೂರು ಹಿಪ್ಪರಗಿ. ದೇವರ ಹಿಪ್ಪರಗಿ ಅಲ್ಲ, ಅದು ವಿಜಯಪುರ ಜಿಲ್ಲೆಯದು. ನಮ್ಮದು ಕೃಷ್ಣೆಗೆ ಬ್ಯಾರೇಜ್ ಕಟ್ಟಿರುವ, ಜಮಖಂಡಿ ಕಡೆಯ ಹಿಪ್ಪರಗಿ. ನಮ್ಮ ಭಾಗದಲ್ಲಿ 'ಸಂಘ', 'ಯೂನಿಯನ್' ಅಂದರೆ ಜನಕ್ಕೆ ಥಟ್ಟನೆ ನೆನಪಾಗುವುದು ರಬಕವಿ-ಬನಹಟ್ಟಿಯ ನೇಕಾರರು, ಇಲ್ಲವೇ ಸಕ್ಕರೆ ಕಾರ್ಖಾನೆ, ಇಲ್ಲವೇ ಬಿಲ್ ಬಾಕಿಗಾಗಿ ರಸ್ತೆಗಿಳಿಯುವ ಕಬ್ಬು ಬೆಳೆಗಾರರು. ಲ್ಯಾಬ್ ಅಟೆಂಡರಿಗೂ ಯೂನಿಯನ್ನಿಗೂ ಏನು ಸಂಬಂಧ ಅಂತ ಯಾರೂ ಯೋಚಿಸುವುದಿಲ್ಲ. ಒಂದು ಶಾಲೆಗೆ ಇರುವವರೇ ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರನ್ನು ಎಣಿಸುವವರಾದರೂ ಯಾರು?

ನಾನು ಓದಿದ ಶಾಲೆಯ ಹೆಸರು ಬೇಡ. ಅಲ್ಲಿ ಒಬ್ಬ ಕಾಕಾ ಇದ್ದರು. ಪ್ರಾಕ್ಟಿಕಲ್ ದಿನ ಮೇಷ್ಟ್ರು ಬರುವುದಕ್ಕೆ ಅರ್ಧ ಗಂಟೆ ಮೊದಲೇ ಎಲ್ಲ ಜೋಡಿಸಿ ಇಡುತ್ತಿದ್ದವರು ಅವರೇ. "ತಮ್ಮಾ, ನೀರಾಗ ಆಸಿಡ್ ಹಾಕು, ಆಸಿಡ್‌ನ್ಯಾಗ ನೀರ ಹಾಕಬ್ಯಾಡ" ಅಂತ ನಮಗೆ ಮೊದಲು ಹೇಳಿಕೊಟ್ಟವರೂ ಅವರೇ, ಪುಸ್ತಕ ಅಲ್ಲ. ಅವರ ಬೆರಳಿನ ತುದಿಗಳು ಕೆಲವು ಕಡೆ ಹಳದಿ, ಕೆಲವು ಕಡೆ ಕಪ್ಪು. ಹಳದಿ ನೈಟ್ರಿಕ್ ಆಮ್ಲದ್ದು, ಚರ್ಮದ ಪ್ರೊಟೀನಿನ ಜೊತೆ ಸೇರಿ ಹಾಗಾಗುತ್ತದೆ. ಕಪ್ಪು ಸಿಲ್ವರ್ ನೈಟ್ರೇಟಿನದು. ಕೈಗವಸು ಅನ್ನುವುದನ್ನು ನಾನು ಆ ಲ್ಯಾಬಿನಲ್ಲಿ ನೋಡಿದ ನೆನಪಿಲ್ಲ.

ಎರಡೂವರೆ ಲೀಟರ್ ಹಿಡಿಯುವ ಗಾಜಿನ ಬಾಟ್ಲಿಯಲ್ಲಿ ಗಾಢ ಸಲ್ಫ್ಯೂರಿಕ್ ಆಮ್ಲ ತುಂಬಿದರೆ ಎಷ್ಟು ತೂಕ ಗೊತ್ತೇ? ಅದರ ಸಾಂದ್ರತೆ ನೀರಿಗಿಂತ ಸುಮಾರು 1.84 ಪಟ್ಟು. ಅಂದರೆ ಬರೀ ಆಮ್ಲವೇ 4.6 ಕಿಲೋ, ಗಾಜಿನದು ಬೇರೆ. ಅದನ್ನು ಕಪಾಟಿನ ಮೇಲಿನ ಹಲಗೆಯಿಂದ ಇಳಿಸಿ, ವಾಲದಂತೆ ಹಿಡಿದು, ಸಣ್ಣ ಬಾಟ್ಲಿಗಳಿಗೆ ಸುರಿಯಬೇಕು. ಇನ್ನು ಸಾಲ್ಟ್ ಅನಾಲಿಸಿಸ್‌ಗೆ ಕಿಪ್ಸ್ ಉಪಕರಣ. ಕಬ್ಬಿಣದ ಸಲ್ಫೈಡಿನ ಮೇಲೆ ಆಮ್ಲ ಬಿಟ್ಟು ಹೈಡ್ರೋಜನ್ ಸಲ್ಫೈಡ್ ತೆಗೆಯುವುದು. ಕೊಳೆತ ಮೊಟ್ಟೆ ವಾಸನೆ ಅಂತ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆ ಅನಿಲದ ನಿಜವಾದ ಅಪಾಯವೇ ಬೇರೆ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಮಂಕು ಮಾಡುತ್ತದೆ, ವಾಸನೆ ಹೋಯಿತು ಅನ್ನಿಸುತ್ತದೆ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತಲ್ಲ. ಸುಡುವಾಗ ಬೀಕರಿನ ಕೆಳಗಿಡುವ ತಂತಿ ಜಾಲರಿಯ ನಡುವಿನ ಬಿಳಿ ವೃತ್ತ ಹಳೇ ಲ್ಯಾಬುಗಳಲ್ಲಿ ಕಲ್ನಾರಿನದ್ದು, ಅಂದರೆ ಅಸ್ಬೆಸ್ಟಾಸ್. ವಿದ್ಯಾರ್ಥಿ ಇದೆಲ್ಲದರ ಜೊತೆ ವಾರಕ್ಕೆ ಒಂದೆರಡು ಗಂಟೆ ಇರುತ್ತಾನೆ. ಅಟೆಂಡರು ಮೂವತ್ತು ವರ್ಷ ಇರುತ್ತಾರೆ.

ಸರಿ, ಕಾನೂನಿನ ಕಣ್ಣಿಗೆ ಈ ಮನುಷ್ಯ ಯಾರು? ಕಾರ್ಮಿಕನೇ? ಸರಕಾರಿ ಶಾಲೆಯವರಿಗೆ ಸರಕಾರಿ ಸೇವಾ ನಿಯಮಗಳಿವೆ, ಅದು ಬೇರೆ ಮಾತು. ಪ್ರಶ್ನೆ ಖಾಸಗಿ, ಅನುದಾನಿತ ಸಂಸ್ಥೆಗಳವರದ್ದು. ಇಲ್ಲಿಂದ ಇತಿಹಾಸ ಶುರು.

ದಿಲ್ಲಿ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಿನ ಬಸ್ಸಿಗೆ ರಾಮನಾಥ್ ಅಂತ ಒಬ್ಬ ಡ್ರೈವರ್ ಇದ್ದರು. ಬಸ್ಸಿನಿಂದ ನಷ್ಟ ಅಂತ 1961ರಲ್ಲಿ ಅವರನ್ನು ತೆಗೆದರು. ಅವರು ಕೈಗಾರಿಕಾ ವಿವಾದ ಕಾಯ್ದೆಯಡಿ (1947ರದ್ದು) ಪರಿಹಾರ ಕೇಳಿದರು, ನ್ಯಾಯಮಂಡಳಿಯಲ್ಲಿ ಗೆದ್ದರು ಕೂಡ. ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿಗೆ ಹೋಯಿತು. 1963ರಲ್ಲಿ ಕೋರ್ಟು ಹೇಳಿದ್ದು, ಶಿಕ್ಷಣ 'ಕೈಗಾರಿಕೆ' ಅಲ್ಲ. ವಾದದ ಸಾರ ಇಷ್ಟು: ವಿದ್ಯಾಸಂಸ್ಥೆಯ ಮುಖ್ಯ ಕೆಲಸ ಮಾಡುವವರು ಶಿಕ್ಷಕರು. ಅವರು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ. ಉಳಿದ ಸಿಬ್ಬಂದಿಯ ಪಾತ್ರ ತೀರಾ ಚಿಕ್ಕದು. ಹಾಗಾಗಿ ಇಡೀ ಸಂಸ್ಥೆಯೇ ಕಾಯ್ದೆಯ ಹೊರಗೆ. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಹೆಸರೇ ಹೇಳುವಂತೆ ಅವರ ಮನೆತನದ ಮೂಲ ನಮ್ಮ ಗಜೇಂದ್ರಗಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಕಾರ್ಮಿಕ ಕಾನೂನಿನಲ್ಲಿ ದೊಡ್ಡ ಹೆಸರು. ಆದರೂ ಈ ತೀರ್ಪು ಓದುವಾಗ ನನಗೆ ಕಸಿವಿಸಿ ಆಗುತ್ತದೆ. ನಮ್ಮ ಕಾಕಾ ಅರ್ಧ ಗಂಟೆ ಮೊದಲು ಬರದಿದ್ದರೆ ಪ್ರಾಕ್ಟಿಕಲ್ಲೇ ನಡೆಯುತ್ತಿರಲಿಲ್ಲ. ಅದು ಚಿಕ್ಕ ಪಾತ್ರ ಹೇಗಾಯಿತೋ!

ಹದಿನೈದು ವರ್ಷ ಇದೇ ಕಾನೂನು. ಇದನ್ನು ಮುರಿದದ್ದು ಶಾಲೆಗೆ ಸಂಬಂಧವೇ ಇಲ್ಲದ ಒಂದು ಬೆಂಗಳೂರಿನ ಜಗಳ.

ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ಪ್ರತಿ ತಿಂಗಳು ನಾವು ಬಿಲ್ ಕಟ್ಟುವ ಅದೇ ಬೋರ್ಡು, ಎ. ರಾಜಪ್ಪ ಮುಂತಾದ ಕೆಲವು ನೌಕರರಿಗೆ ದುರ್ನಡತೆ ಅಂತ ದಂಡ ಹಾಕಿ ಹಣ ವಸೂಲಿ ಮಾಡಿತು. ನಮ್ಮ ಮಾತೇ ಕೇಳದೆ ದಂಡ ಹಾಕಿದ್ದಾರೆ ಅಂತ ನೌಕರರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಬೋರ್ಡಿನ ಉತ್ತರ: ನಾವು ನಾಗರಿಕರಿಗೆ ಮೂಲ ಸೌಕರ್ಯ ಕೊಡುವವರು, ಇದು ರಾಜ್ಯದ ಕೆಲಸ, ನಾವು ಕೈಗಾರಿಕೆಯೇ ಅಲ್ಲ, ಈ ಅರ್ಜಿ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಹೈಕೋರ್ಟು ಬೋರ್ಡಿನ ಮಾತು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಕೂತಿತು. 1978ರ ಫೆಬ್ರವರಿ 21ರಂದು ತೀರ್ಪು. ಮುಖ್ಯ ತೀರ್ಪು ಬರೆದವರು ವಿ.ಆರ್. ಕೃಷ್ಣ ಅಯ್ಯರ್. ಐದು ಜನ ಒಂದು ಕಡೆ, ಇಬ್ಬರು ಇನ್ನೊಂದು ಕಡೆ.

(ಅಂದ ಹಾಗೆ, ಆಗ ದೇಶದ ಉಪರಾಷ್ಟ್ರಪತಿ ನಮ್ಮ ಜಮಖಂಡಿ ಸೀಮೆಯ ಸಾವಳಗಿಯ ಬಿ.ಡಿ. ಜತ್ತಿ. ಅವರಿಗೂ ಈ ಕೇಸಿಗೂ ಯಾವ ಸಂಬಂಧವೂ ಇಲ್ಲ, ಊರಿನ ಅಭಿಮಾನಕ್ಕೆ ಹೇಳಿದೆ ಅಷ್ಟೆ :-) )

ಕೃಷ್ಣ ಅಯ್ಯರ್ ಇಟ್ಟ ಪರೀಕ್ಷೆ ನಮ್ಮಂಥ ಇಂಜಿನಿಯರುಗಳಿಗೂ ಅರ್ಥವಾಗುವಂಥದ್ದು. ಕೆಲಸ ವ್ಯವಸ್ಥಿತವಾಗಿ ನಡೆಯುತ್ತಿದೆಯೇ? ಮಾಲೀಕ ಮತ್ತು ನೌಕರರ ಸಹಕಾರದಿಂದ ನಡೆಯುತ್ತಿದೆಯೇ? ಜನರಿಗೆ ಬೇಕಾದ ಸರಕು ಇಲ್ಲವೇ ಸೇವೆ ಅದರಿಂದ ಹೊರಬರುತ್ತಿದೆಯೇ? ಮೂರಕ್ಕೂ ಹೌದು ಅಂದರೆ ಅದು ಕೈಗಾರಿಕೆ. ಲಾಭ ಇದೆಯೋ ಇಲ್ಲವೋ ಮುಖ್ಯವಲ್ಲ. ಈ ಪರೀಕ್ಷೆಯಲ್ಲಿ ನೀರಿನ ಬೋರ್ಡು ಮಾತ್ರ ಅಲ್ಲ, ಆಸ್ಪತ್ರೆ, ಸಂಶೋಧನಾ ಸಂಸ್ಥೆ, ಶಾಲೆ ಕಾಲೇಜು ಎಲ್ಲವೂ ಒಳಗೆ ಬಂದವು. ರಾಮನಾಥ್ ತೀರ್ಪು ಬಿದ್ದುಹೋಯಿತು. ಶಿಕ್ಷಕರು ಕಾರ್ಮಿಕರಲ್ಲ ಅನ್ನುವ ಒಂದೇ ಕಾರಣಕ್ಕೆ ಉಳಿದವರೂ ಯಾಕೆ ಹಕ್ಕು ಕಳೆದುಕೊಳ್ಳಬೇಕು ಅನ್ನುವುದು ಅಲ್ಲಿನ ತಿರುಳು.

ಇದರಿಂದ ಅಟೆಂಡರಿಗೆ ಸಿಕ್ಕಿದ್ದೇನು? ಕಾಯ್ದೆಯ ವ್ಯಾಖ್ಯೆಯಲ್ಲಿ ದೈಹಿಕ ಕೆಲಸ, ಕುಶಲ ಕೆಲಸ, ತಾಂತ್ರಿಕ ಕೆಲಸ ಎಲ್ಲ ಇತ್ತು. ಬೀಕರ್ ತೊಳೆಯುವುದು, ದ್ರಾವಣ ತಯಾರಿಸುವುದು ಅದರಲ್ಲಿ ಸರಿಯಾಗಿ ಕೂರುತ್ತದೆ. ಒಂದು ವರ್ಷದ ನಿರಂತರ ಸೇವೆ (ಕಾನೂನಿನ ಲೆಕ್ಕದಲ್ಲಿ 240 ದಿನ) ಆದವರನ್ನು ಹೆಚ್ಚುವರಿ ಅಂತ ತೆಗೆಯಬೇಕಾದರೆ ಒಂದು ತಿಂಗಳ ನೋಟೀಸು, ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ. ಸಂಘದ ಮೂಲಕ ವಿವಾದ ಎತ್ತುವ ದಾರಿ. ಸಣ್ಣದೇನಲ್ಲ.

ಮುಂದಿನ ತಿರುವು ಇನ್ನೂ ಮಜಾ. ಗೋವಾದ ಒಂದು ಶಾಲೆಯಿಂದ ತೆಗೆದುಹಾಕಲ್ಪಟ್ಟ ಶಿಕ್ಷಕಿ ಎ. ಸುಂದರಾಂಬಾಳ್ ಇದೇ ಬಾಗಿಲು ತಟ್ಟಿದರು. 1988ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಶಾಲೆ ಕೈಗಾರಿಕೆ ಹೌದು, ಆದರೆ ಶಿಕ್ಷಕಿ ಕಾರ್ಮಿಕಳಲ್ಲ. ಬರೆದವರು ನಮ್ಮ ಮಂಡ್ಯ ಜಿಲ್ಲೆಯವರೇ ಆದ ಇ.ಎಸ್. ವೆಂಕಟರಾಮಯ್ಯ, ಮರುವರ್ಷ ಮುಖ್ಯ ನ್ಯಾಯಮೂರ್ತಿ ಆದವರು. ಅಂದರೆ ಒಂದೇ ಲ್ಯಾಬಿನಲ್ಲಿ, ಒಂದೇ ಮೇಜಿನ ಹತ್ತಿರ ನಿಂತ ಇಬ್ಬರಲ್ಲಿ ಪಾಠ ಹೇಳುವವರು ಕಾಯ್ದೆಯ ಹೊರಗೆ, ಟೆಸ್ಟ್‌ಟ್ಯೂಬ್ ತೊಳೆಯುವವರು ಒಳಗೆ! ನಮ್ಮಲ್ಲಿ ಮೇಷ್ಟ್ರಿಗಿಂತ ಅಟೆಂಡರಿಗೆ ಒಂದು ಬಾಗಿಲು ಹೆಚ್ಚು ತೆರೆದಿದ್ದ ಸಂದರ್ಭ ಇದೊಂದೇ ಇರಬೇಕು.

ಸರಕಾರಕ್ಕೆ 1978ರ ತೀರ್ಪು ರುಚಿಸಲಿಲ್ಲ. 1982ರಲ್ಲಿ ಸಂಸತ್ತು ವ್ಯಾಖ್ಯೆಯನ್ನೇ ತಿದ್ದಿ ಶಿಕ್ಷಣ ಸಂಸ್ಥೆ, ಆಸ್ಪತ್ರೆಗಳನ್ನು ಹೊರಗಿಟ್ಟಿತು. ಆದರೆ ಆ ಒಂದು ತಿದ್ದುಪಡಿಯನ್ನು ಕೊನೆಯವರೆಗೂ ಜಾರಿಗೆ ತರಲೇ ಇಲ್ಲ! ಹೊರಗಿಟ್ಟವರಿಗೆ ಬದಲಿ ವ್ಯವಸ್ಥೆ ಮಾಡಬೇಕಿತ್ತು, ಅದು ಆಗಲಿಲ್ಲ. ಕೋಡ್ ಬರೆದು, ಕಮಿಟ್ ಮಾಡಿ, ರಿಲೀಸೇ ಮಾಡದೆ ಬಿಟ್ಟ ಹಾಗೆ. ಕರ್ನಾಟಕದಲ್ಲಿ ಮಾತ್ರ ಇನ್ನೊಂದು ದಾರಿ ಇತ್ತು. ಖಾಸಗಿ ವಿದ್ಯಾಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣದ 1975ರ ಕಾಯ್ದೆ, ಆಮೇಲೆ 1995ರಲ್ಲಿ ಜಾರಿಗೆ ಬಂದ 1983ರ ಶಿಕ್ಷಣ ಕಾಯ್ದೆ. ಕೆಲಸದಿಂದ ತೆಗೆದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಒಂದೇ. ಈ ಎಲ್ಲ ಕಾನೂನೂ ಅಟೆಂಡರ ಕೆಲಸವನ್ನು ಕಾಪಾಡುವ ಬಗ್ಗೆ. ಅವರ ಕೈಯನ್ನು ಕಾಪಾಡುವ ಬಗ್ಗೆ ಯಾವುದೂ ಅಲ್ಲ.

ಕೈ ಕಾಪಾಡುವ ಕಾನೂನು ಇರಲಿಲ್ಲ ಅಂತಲ್ಲ. 1948ರ ಕಾರ್ಖಾನೆ ಕಾಯ್ದೆ ಇತ್ತು. ಆದರೆ ಅದಕ್ಕೆ 'ಉತ್ಪಾದನಾ ಪ್ರಕ್ರಿಯೆ' ಬೇಕಿತ್ತು, ವಿದ್ಯುತ್ ಬಳಸಿದರೆ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ಬೇಕಿತ್ತು. ಶಾಲೆ ಯಾವುದಕ್ಕೂ ಸಿಗುತ್ತಿರಲಿಲ್ಲ. ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಸಮೀರವಾಡಿಯಂಥ ಜಾಗದ ಸಕ್ಕರೆ ಕಾರ್ಖಾನೆಯಲ್ಲೂ ಒಂದು ಲ್ಯಾಬ್ ಇರುತ್ತದೆ, ಕಬ್ಬಿನ ರಸ ಪರೀಕ್ಷೆ ಮಾಡಲು. ಅಲ್ಲಿ ಕೆಲಸ ಮಾಡುವವರು ಕಾರ್ಖಾನೆ ಕಾಯ್ದೆಯ ಒಳಗಿದ್ದರು, ಅವರಿಗೊಬ್ಬ ಇನ್‌ಸ್ಪೆಕ್ಟರ್ ಇದ್ದ. ಅದೇ ಆಸಿಡ್ ಬಾಟ್ಲಿ ಹತ್ತು ಕಿಲೋಮೀಟರ್ ಆಚೆ ಹೈಸ್ಕೂಲಿನ ಕಪಾಟಿಗೆ ಬಂದರೆ ಆ ಇನ್‌ಸ್ಪೆಕ್ಟರ್ ಗೇಟು ದಾಟುವಂತಿರಲಿಲ್ಲ. ಭೋಪಾಲ ಆದದ್ದು 1984ರ ಡಿಸೆಂಬರಿನಲ್ಲಿ. ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯವೇ ಸೇರಿತು. ಮಾಲೀಕರಷ್ಟೇ ಸಂಖ್ಯೆಯಲ್ಲಿ ಕಾರ್ಮಿಕರೂ ಕೂರುವ ಸುರಕ್ಷತಾ ಸಮಿತಿ ಬಂತು. ಕಾರ್ಖಾನೆಗೆ ಮಾತ್ರ.

ಬ್ರಿಟನ್ನಿನಲ್ಲಿ ಏನಾಯಿತು ನೋಡಿ. ಅಲ್ಲಿ 1974ರಲ್ಲಿ ಬಂದ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಕಾರ್ಖಾನೆ, ಶಾಲೆ ಅಂತ ಭೇದ ಮಾಡಲಿಲ್ಲ. ಅದರಡಿ ಬಂದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಯೂನಿಯನ್ ತನ್ನವರಲ್ಲೇ ಒಬ್ಬರನ್ನು ಸುರಕ್ಷತಾ ಪ್ರತಿನಿಧಿಯಾಗಿ ನೇಮಿಸಬಹುದು. ಅವರು ಮೂರು ತಿಂಗಳಿಗೊಮ್ಮೆ ಕೆಲಸದ ಜಾಗವನ್ನು ತಪಾಸಣೆ ಮಾಡಬಹುದು, ಇಬ್ಬರು ಕೇಳಿದರೆ ಸಮಿತಿ ರಚಿಸಲೇಬೇಕು. ಇದು ಜಾರಿಗೆ ಬಂದದ್ದು 1978ರ ಅಕ್ಟೋಬರ್ 1ರಂದು. ರಾಜಪ್ಪ ತೀರ್ಪು ಬಂದು ಏಳು ತಿಂಗಳು ಕಳೆದು ಕೆಲವೇ ದಿನ ಆಗಿತ್ತು! ಒಂದೇ ವರ್ಷ, ಎರಡು ದೇಶ. ಇಲ್ಲಿ ಅಟೆಂಡರು ಕಾರ್ಮಿಕ ಅನ್ನಿಸಿಕೊಂಡರು, ಅಲ್ಲಿ ಅಂಥವರ ಯೂನಿಯನ್ನಿಗೆ ಕಪಾಟಿನ ಬಾಗಿಲು ತೆಗೆದು ನೋಡುವ ಹಕ್ಕು ಬಂತು. ಜೊತೆಗೆ ಅಲ್ಲಿ 1963ರಿಂದಲೇ ಕ್ಲೀಪ್ಸ್ ಅನ್ನುವ ಸಂಸ್ಥೆ ಇದೆ. ಯಾವ ರಾಸಾಯನಿಕವನ್ನು ಹೇಗೆ ಇಡಬೇಕು, ಚೆಲ್ಲಿದರೆ ಏನು ಮಾಡಬೇಕು ಅಂತ ಒಂದೊಂದಕ್ಕೂ ಕಾರ್ಡು ಮಾಡಿ ಶಾಲೆಗಳಿಗೆ ಕೊಡುತ್ತದೆ. ಬ್ರಿಟನ್ನಿನಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹಕ್ಕು ಮತ್ತು ಆಸಿಡ್ಡು ಅಲ್ಲಿ ಒಂದೇ ಕಾಗದದ ಮೇಲೆ ಬಂದವು, ನಮ್ಮಲ್ಲಿ ಬೇರೆ ಬೇರೆ.

ಇನ್ನು ನಮ್ಮಲ್ಲಿ ಸಂಘ ಕಟ್ಟುವುದೇ ಕಷ್ಟದ ಲೆಕ್ಕ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಂತೆ ನೋಂದಣಿಗೆ ಏಳು ಜನ ಸಾಕಿತ್ತು. 2001ರ ತಿದ್ದುಪಡಿಯಲ್ಲಿ ಶೇಕಡಾ 10 ಇಲ್ಲವೇ 100 ಜನ, ಯಾವುದು ಕಡಿಮೆಯೋ ಅದು, ಆದರೆ ಏಳಕ್ಕಿಂತ ಕಡಿಮೆ ಇಲ್ಲ ಅಂತಾಯಿತು. ಒಂದು ಶಾಲೆಯಲ್ಲಿ ಏಳು ಜನ ಲ್ಯಾಬಿನವರು ಎಲ್ಲಿಂದ ಬರಬೇಕು? ಹಾಗಾಗಿ ಅವರು ಗುಮಾಸ್ತರು, ಜವಾನರ ಜೊತೆ ಬೋಧಕೇತರ ನೌಕರರ ಸಂಘಗಳಲ್ಲಿ ಸೇರಿಕೊಳ್ಳುತ್ತಾರೆ. ಅಲ್ಲಿ ಮನವಿ ಪತ್ರದ ಮೊದಲ ಸಾಲು ಸಂಬಳ, ಎರಡನೆಯದು ಪಿಂಚಣಿ. ಅದು ಸಹಜ, ತಪ್ಪು ಹೇಳಲಾಗದು. ಹೊಗೆ ಹೊರಹಾಕುವ ಫ್ಯಾನು, ಕನ್ನಡಕ, ಕೈಗವಸು ಬರುವ ಹೊತ್ತಿಗೆ ಕಾಗದ ಮುಗಿದಿರುತ್ತದೆ.

2017ರಲ್ಲಿ ಸುಪ್ರೀಂ ಕೋರ್ಟು 1978ರ ವ್ಯಾಖ್ಯೆಯನ್ನು ಮರುಪರಿಶೀಲಿಸಲು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಅಷ್ಟರಲ್ಲಿ ಕಾನೂನೇ ಬದಲಾಯಿತು. 2020ರ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಕೈಗಾರಿಕಾ ಸಂಬಂಧಗಳ ಸಂಹಿತೆ ಕೃಷ್ಣ ಅಯ್ಯರ್ ಅವರ ಪರೀಕ್ಷೆಯನ್ನು ಬಹುತೇಕ ಹಾಗೇ ಎತ್ತಿಕೊಂಡಿದೆ. ಆದರೆ ಪೂರ್ತಿಯಾಗಿ ಅಥವಾ ಬಹುಪಾಲು ದತ್ತಿ, ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಹೊರಗಿಟ್ಟಿದೆ. ನಮ್ಮ ಖಾಸಗಿ ಶಾಲೆಗಳಲ್ಲಿ ಎಷ್ಟೋ ಯಾವುದಾದರೂ ಟ್ರಸ್ಟಿನವು, ವಿದ್ಯಾವರ್ಧಕ ಸಂಘದವು ಅಂತ ನಿಮಗೆ ಗೊತ್ತೇ ಇದೆ. ಇನ್ನೊಂದು ಕಡೆ, ಸುರಕ್ಷತೆಯ ಸಂಹಿತೆ ಕಾರ್ಖಾನೆಗೆ ಸೀಮಿತವಾಗಿಲ್ಲ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ, ಯಾವುದೇ ಉದ್ಯಮ, ವ್ಯಾಪಾರ, ವೃತ್ತಿ ನಡೆಯುವ ಜಾಗ ಅದರ ಮಾತಿನಲ್ಲಿ 'ಸ್ಥಾಪನೆ'. ಅಲ್ಲಿ ಸುರಕ್ಷತಾ ಸಮಿತಿ ರಚಿಸಿ ಅಂತ ಸರಕಾರ ಆದೇಶ ಮಾಡಬಹುದು. ಮಾಡಬಹುದು, ಮಾಡಲೇಬೇಕು ಅಂತಿಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಲ್ಯಾಬಿನಲ್ಲಿ ಕೆಲಸ ಮಾಡಿದವರಿದ್ದರೆ ಒಂದು ಸಲ ಕೇಳಿ ನೋಡಿ: ಸೇವೆಗೆ ಸೇರಿದ ದಿನದಿಂದ ನಿವೃತ್ತಿವರೆಗೆ ಎಷ್ಟು ಜೊತೆ ಕೈಗವಸು ಕೊಟ್ಟಿದ್ದರು ಅಂತ. ಉತ್ತರ ಬಂದರೆ ಇಲ್ಲಿ ಬರೆಯಿರಿ.