ತಾಯಂದಿರ ವಾರದ ಸಭೆ

1904ರ ಸಹಕಾರಿ ಕಾಯ್ದೆಯಂತೆ ಹತ್ತು ಮಂದಿ ಕೂಡಿದರ ಸಂಘ. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ಸದಸ್ಯ ಬಾಂಧವರಿಗೆ ಗೊತ್ತಿದ್ದ ಸಂಗತಿ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ರೋಣ, ನರಗುಂದ, ಗಜೇಂದ್ರಗಡ ಭಾಗದ ಊರುಗಳಲ್ಲೂ 15-20 ತಾಯಂದಿರು ಕೂಡಿ ವಾರಕ್ಕೊಮ್ಮೆ ಸಭೆ ನಡೆಸಹತ್ತಿದರು. ಅವರ ಉಳಿತಾಯದ ಬಗ್ಗೆ ಎಲ್ಲರೂ ಬರೀತಾರ. ನನಗ ದೊಡ್ಡದೆನಿಸಿದ್ದು ಬ್ಯಾರೆ. ಗಂಡ ತೀರಿದ ಹೆಣ್ಮಗಳಿಗೆ ಹೊಲದ ವಾರಸಾ, ವಿಧವಾ ವೇತನ, ಉಳಿದ ಸಾಲ ಎಲ್ಲಾ ಒಮ್ಮೆಲೇ ತಲಿಮ್ಯಾಲ ಬೀಳ್ತಾವ. ಸಾಹೇಬರು ಒಂದು ಸಲ ಹೇಳಿ ಎದ್ದು ಹೋಗ್ತಾರ. (ಅವರಿಗೂ ಹತ್ತೂರು ಕೆಲಸ.) ಅದೇ ದಾರಿ ತುಳಿದ ಅಕ್ಕ ಬಾಜೂಕ ಕುಂತು, ಮೊದಲು ಮರಣ ದಾಖಲೆ ತಗೋ, ಆಮ್ಯಾಲ ವಾರಸಾ ಅರ್ಜಿ ಕೊಡು, ಓದಿಸದ ಕಾಗದಕ್ಕ ಹೆಬ್ಬೆಟ್ಟು ಒತ್ತಬ್ಯಾಡ ಅಂತಾಳ. ಹಂಗ ಕಲಿತಾಕಿ ಸಂಘದ ಕಿಟಕಿಗೆ ಬಂದಾಗ ಗಂಡನ ಸಾಲದಾಗ ಅಸಲೆಷ್ಟು, ಬಡ್ಡಿ ಎಷ್ಟು ಅಂತ ತಾನೇ ಕೇಳ್ತಾಳ.